ಮೆಟ್ಟುಗತ್ತಿಯ ಪಕ್ಕದ ತರಗತಿ

ಮನೆಯಲ್ಲೇ ಕೂತು ಓದುವ ಕನ್ನಡ ಎಂ.ಎ.ಯ ಪ್ರವೇಶದ ಅರ್ಜಿಯಲ್ಲಿ ಒಂದು ಕಡೆ ‘ವ್ಯಾಸಂಗದಲ್ಲಿ ಅಂತರವಿದ್ದರೆ ಕಾರಣ ತಿಳಿಸಿ’ ಎಂದಿತ್ತು. ಐವತ್ತು ಅಕ್ಷರ ಮೀರುವಂತಿಲ್ಲ. ನನ್ನ ಅಂತರ 24 ವರ್ಷ. ಹಿಂದೆ ಧಾರವಾಡಕ್ಕೆ ಹೋಗಿ ಇದೇ ಎಂ.ಎ.ಗೆ ಸೇರಿದ್ದೆ. ವರ್ಷ ತುಂಬುವ ಮೊದಲೇ ಅಪ್ಪಯ್ಯ ಹಾಸಿಗೆ ಹಿಡಿದರು, ಅದರ ಬೆನ್ನಿಗೇ ನನ್ನ ಮದುವೆಯಾಯಿತು, ಆಮೇಲೆ ಮಕ್ಕಳು, ತೋಟ, ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ‘ಕೌಟುಂಬಿಕ’ ಎಂದು ಒಂದೇ ಪದ ಬರೆದು ಮುಂದಿನ ಪುಟಕ್ಕೆ ಹೋದೆ.

ಮುಂದಿನ ಪುಟ ಇನ್ನೂ ಕಠಿಣವಾಗಿತ್ತು. ಓದಿನ ಕ್ರೆಡಿಟ್‌ಗಳನ್ನು ಒಂದೆಡೆ ಕೂಡಿಡುವ, ಆಧಾರ್ ಜೋಡಿಸಿದ ಎಬಿಸಿ ಐಡಿ ಮಾಡಿಸಬೇಕು, ಅದಾದ ಮೇಲೆ ದೂರಶಿಕ್ಷಣ, ಆನ್‌ಲೈನ್ ವಿದ್ಯಾರ್ಥಿಗಳ ಡೆಬ್ ಐಡಿ. ಅಂಕಪಟ್ಟಿಯಲ್ಲಿರುವುದು ಅಪ್ಪಯ್ಯನ ಮನೆಯ ಹೆಸರು, ಆಧಾರ್‌ನಲ್ಲಿರುವುದು ಗಂಡನ ಮನೆಯ ಹೆಸರು. ಇಬ್ಬರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಲು ಶಿರಸಿಗೆ ಎರಡು ಸಲ ಓಡಾಡಿದೆ. ‘ಈಗ ಎಂ.ಎ. ಮಾಡಿ ಏನು ಮಾಡುತ್ತೀರಿ ಅಕ್ಕಾ?’ ಎಂದು ನೋಟರಿಯ ಟೈಪಿಸ್ಟ್ ಹುಡುಗ ಕೇಳಿದ. ಬಡ್ತಿ ಸಿಗುತ್ತದೆ ಎಂದೆ. ಸುಳ್ಳು. ಸೊಸೈಟಿಯಲ್ಲಿ ಹಳಗನ್ನಡ ಬಲ್ಲವರಿಗೆ ಕೊಡುವ ಬಡ್ತಿ ಯಾವುದೂ ಇಲ್ಲ.

ಮೊದಲ ಒಂದೂವರೆ ತಿಂಗಳು ಯಾರ ಮುಖವನ್ನೂ ನೋಡದೆ ಕಳೆಯಿತು. ಪಾಠದ ವಿಡಿಯೊಗಳನ್ನು ರಾತ್ರಿ ಪಾತ್ರೆ ತೊಳೆದ ಮೇಲೆ ಹಾಕಿಕೊಳ್ಳುತ್ತಿದ್ದೆ, ಅರ್ಧಕ್ಕೆ ನಿದ್ದೆ ಬರುತ್ತಿತ್ತು. ಪೂರ್ತಿ ಓಡಿದ ವಿಡಿಯೊಕ್ಕೆ ಹಸಿರು ಗುರುತು ಬೀಳುತ್ತದೆ. ನಾನು ಎದ್ದಿದ್ದೆನೋ ಮಲಗಿದ್ದೆನೋ ಆ ಗುರುತಿಗೆ ತಿಳಿಯದು. ಹೀಗೆ ನಿದ್ದೆಯಲ್ಲೇ ಭಾಷಾವಿಜ್ಞಾನದ ಮೊದಲ ಘಟಕವನ್ನು ಮುಗಿಸಿದ್ದೇನೆ.

ಆಮೇಲೆ ಒಂದು ದಿನ ಪರಿಚಯ ತರಗತಿಯಲ್ಲಿ ಮಂಡ್ಯದ ಕಡೆಯ ಬಸ್ ಕಂಡಕ್ಟರ್ ಒಬ್ಬರು, ‘ನನಗೆ ಒಬ್ಬನೇ ಕೂತರೆ ತಲೆಗೆ ಹತ್ತುವುದಿಲ್ಲ, ಯಾರಾದರೂ ಜೊತೆಗೆ ಓದುತ್ತೀರಾ?’ ಎಂದು ನೇರವಾಗಿ ಕೇಳಿಬಿಟ್ಟರು. ನಾವು ಆರು ಜನ ಕೈ ಎತ್ತಿದೆವು, ಅವರೂ ಸೇರಿ ಏಳು. ಅಂದಿನಿಂದ ಪ್ರತಿ ಭಾನುವಾರ ರಾತ್ರಿ ಒಂಬತ್ತಕ್ಕೆ ಗೂಗಲ್ ಮೀಟ್. ಕಂಡಕ್ಟರ್ ಅಣ್ಣ, ಗುಳೇದಗುಡ್ಡದ ಖಣದ ವ್ಯಾಪಾರಿ, ಬೆಳ್ತಂಗಡಿಯ ಪ್ರಾಥಮಿಕ ಶಾಲೆಯ ಮೇಷ್ಟರು, ಹೊಸೂರಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗಿ, ಮಸ್ಕತ್‌ನಲ್ಲಿರುವ ನರ್ಸ್, ಪ್ರತಿ ಸಲವೂ ಬಂದು ಒಂದು ಮಾತೂ ಆಡದ ಇನ್ನೊಬ್ಬರು, ಮತ್ತೆ ನಾನು. ನಮ್ಮ ಒಂಬತ್ತು ಗಂಟೆಗೆ ಮಸ್ಕತ್‌ನಲ್ಲಿ ಏಳೂವರೆ. ಆಕೆ ಎಷ್ಟೋ ಸಲ ಪಾಳಿ ಮುಗಿಸಿ ಬರುವ ವ್ಯಾನಿನಲ್ಲೇ ಕೂತು ಓದುತ್ತಿದ್ದರು.

ನಾನು ಹೇಳಹೊರಟಿರುವುದು ಡಿಸೆಂಬರಿನ ಒಂದು ಭಾನುವಾರದ ವಿಷಯ. ಆ ದಿನ ನಮ್ಮಲ್ಲಿ ಕೊನೆಕೊಯ್ಲು, ಅಡಿಕೆ ಗೊನೆ ಕೊಯ್ಯುವ ದಿನ. ಮರ ಹತ್ತುವ ಕೊನೆಗೌಡ ಬೆಳಿಗ್ಗೆಯಿಂದ ಇಳಿಸಿದ ಅಡಿಕೆಯ ರಾಶಿ ಜಗುಲಿಯಲ್ಲಿ ಬಿದ್ದಿತ್ತು. ಮೊದಲು ಇಂಥ ರಾತ್ರಿ ಹತ್ತಾರು ಜನ ಸೇರಿ ಸುಲಿಯುತ್ತಿದ್ದರು. ಕತೆ, ಊರ ಸುದ್ದಿ, ತಾಳಮದ್ದಳೆಯ ಅರ್ಥದ ಜಗಳ ಎಲ್ಲ ಅಲ್ಲೇ ನಡೆಯುತ್ತಿತ್ತು. ಈಗ ಬಹಳಷ್ಟು ಮನೆಗಳಿಗೆ ಯಂತ್ರ ಬಂದಿದೆ, ಸುಲಿಯುವ ಕೈಗಳೂ ಬೆಂಗಳೂರು ಸೇರಿವೆ. ಅಂದು ಇದ್ದವರು ಅತ್ತೆ, ನಾನು, ಆಳು ಮನೆಯ ಇಬ್ಬರು. ನಮ್ಮ ಮನೆಯಲ್ಲಿ ಸಿಗ್ನಲ್ ಗಟ್ಟಿಯಾಗಿ ನಿಲ್ಲುವುದು ಜಗುಲಿಯ ಮೂರನೆಯ ಕಂಬದ ಬುಡದಲ್ಲಿ ಮಾತ್ರ. ಹಾಗಾಗಿ ಮೊಬೈಲನ್ನು ಕಂಬಕ್ಕೆ ಒರಗಿಸಿ, ಮೆಟ್ಟುಗತ್ತಿಯ, ಅಂದರೆ ಸುಲಿಯುವ ಕತ್ತಿ ನೆಟ್ಟ ಮಣೆಯ, ಮೇಲೆ ಕೂತು ಸುಲಿಯುತ್ತಲೇ ತರಗತಿಗೆ ಸೇರಿದೆ. ಅಡಿಕೆಯ ಒಗರು ರಸ, ಚೊಗರು, ಹಿಡಿದ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ. ಧ್ವನಿ ಮುಚ್ಚಿದ್ದೇನೆ ಎಂದುಕೊಂಡಿದ್ದೆ, ಅದು ತೆರೆದೇ ಇತ್ತು.

ಅಂದಿನ ಪಾಠ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ. ಸುಮಾರು 700ನೆಯ ಇಸವಿಯದು, ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿ ಇರುವುದು ಅದರಲ್ಲೇ. ‘ಸಾಧುಗೆ ಸಾಧು’ ಎಂಬ ಆರಂಭವನ್ನು ಶಾಲೆಯಲ್ಲಿ ಕೇಳಿದ್ದ ಧೈರ್ಯದಿಂದ ಎಲ್ಲರೂ ಹುಮ್ಮಸ್ಸಿನಲ್ಲಿ ಹೊರಟೆವು. ‘ಮಾಧವನೀತನ್ ಪೆಱನಲ್ಲ’ ಎಂಬಲ್ಲಿಗೆ ಬಂದು ಬಂಡಿ ನಿಂತಿತು. ಹಳಗನ್ನಡದ ಪಕಾರವನ್ನು ಹಕಾರ ಮಾಡಿ ನೋಡುವುದು ನಮಗೆ ಗೊತ್ತಿದ್ದ ಒಂದೇ ಉಪಾಯ. ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆ ಮಾಡಿದರೆ ‘ಹೆರ’ ಎಂದಾಗುತ್ತದೆ. ಹೆರ ಎಂದರೇನು? ಹೆರಿಗೆಯೇ? ಮಾಧವನು ಹೆರಲಿಲ್ಲ ಎಂದೇ? ನರ್ಸ್ ನಕ್ಕು, ಆ ವಿಭಾಗ ತಮ್ಮದು ಎಂದರು.

ಹೊಸೂರಿನ ಹುಡುಗಿ ತಡೆದು ತಡೆದು ಹೇಳಿದಳು: ‘ತಮಿಳಿನಲ್ಲಿ ಪಿಱ ಎಂದರೆ ಬೇರೆ, ಪಿಱರ್ ಎಂದರೆ ಬೇರೆಯವರು. ಇದೂ ಅದೇ ಇರಬಹುದಾ?’ ಅದೇ. ಇವನು ಮಾಧವನೇ, ಬೇರೆಯವನಲ್ಲ. ಆಕೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತವಳು. ತನ್ನ ಕನ್ನಡ ಕಚ್ಚಾ ಎಂದು ಅಲ್ಲಿಯವರೆಗೆ ಪ್ರತಿ ಮಾತಿಗೂ ಕ್ಷಮೆ ಕೇಳುತ್ತಿದ್ದಳು. ಆ ಹಳೆಯ ಱ ಅಕ್ಷರವನ್ನೂ, ಅದರ ನೆಂಟ ೞ ಅಕ್ಷರವನ್ನೂ ನಮಗೆಲ್ಲ ಬಾಯಿಪಾಠ ಮಾಡಿಸಿದಳು. ಏೞು, ಬಾೞೆ ಎಂದು ನಾಲಿಗೆ ಮಡಚುವಷ್ಟರಲ್ಲಿ ಮೇಷ್ಟರು ಕೆಮ್ಮಿಬಿಟ್ಟರು.

ಮುಂದಿನ ಪದ್ಯದಲ್ಲಿ ‘ಒಳ್ಳಿತ್ತ ಕೆಯ್ವೋರ್’ ಎಂದಿದೆ. ಕೆಯ್ ಎಂದರೆ ಮಾಡು, ಅದೇ ಗೆಯ್ ಎಂದೂ ಬರುತ್ತದೆ ಎಂದು ಟಿಪ್ಪಣಿಯಲ್ಲಿ ಇತ್ತು. ಕಂಡಕ್ಟರ್ ಅಣ್ಣ ಅದನ್ನು ಓದಿದ್ದೇ ತಡ, ‘ಅಯ್ಯೋ, ಇದು ನಮ್ಮಪ್ಪನ ಮಾತು’ ಎಂದರು. ಅವರ ಊರಿನಲ್ಲಿ ಹೊಲದ ದುಡಿಮೆಗೆ ಗೇಮೆ ಎನ್ನುತ್ತಾರೆ. ಗೇಯದವನಿಗೆ ಊಟವಿಲ್ಲ ಎಂದು ಅವರಪ್ಪ ಬೆಳಗಾದರೆ ಬೈಯುತ್ತಿದ್ದರಂತೆ. ‘ಪಟ್ಟಣಕ್ಕೆ ಬಂದ ಮೇಲೆ ಈ ಪದ ಆಡುವುದನ್ನೇ ಬಿಟ್ಟಿದ್ದೆ, ನಗುತ್ತಾರೆ ಎಂದು’ ಎಂದರು.

ಮೂರನೆಯ ಪದ್ಯದಲ್ಲಿ, ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೇಡು’ ಎಂದು ಬಿಟ್ಟಂತೆ ಎಂಬ ಹೋಲಿಕೆ ಇದೆ. ಅಲ್ಲಿ ನಮಗೆ ಎಂಬುದಕ್ಕೆ ‘ಎಮಗೆ’ ಎಂದಿದೆ. ಮೇಷ್ಟರು ಆನ್, ಎನ್ನ, ಎಮಗೆ ಎಂದು ಸರ್ವನಾಮಗಳ ಪಟ್ಟಿ ಓದತೊಡಗಿದರು. ಕತ್ತಿಯಿಂದ ಕಣ್ಣೆತ್ತದೆ ಅತ್ತೆ ನನ್ನನ್ನು ಕೇಳಿದರು: ‘ತಂಗೀ, ಇವರೆಲ್ಲ ನಮ್ಮವರೇ?’

ಏಳೂ ಮನೆಗೆ ಕೇಳಿಸಿತು. ನಾನು ಗಾಬರಿಯಿಂದ ಪರದೆ ಒತ್ತಿದರೆ ಚೊಗರಿನ ಬೆರಳಿಗೆ ಅದು ಬಗ್ಗಲಿಲ್ಲ. ಯಾರದು ಎಂದು ಮೇಷ್ಟರು ಕೇಳಿದರು. ಹೇಳಲೇಬೇಕಾಯಿತು: ನಮ್ಮದು ಹವ್ಯಕರ ಮನೆ, ನಮ್ಮ ಮನೆಮಾತಿನಲ್ಲಿ ನಾನು ಎಂಬುದಕ್ಕೆ ಈಗಲೂ ಆನು ಎನ್ನುತ್ತೇವೆ, ನನ್ನ ಎಂಬುದಕ್ಕೆ ಎನ್ನ. ಅದನ್ನು ಕೇಳಿ ಅತ್ತೆ ನಿಮ್ಮನ್ನೆಲ್ಲ ನೆಂಟರೆಂದು ತಿಳಿದಿದ್ದಾರೆ.

ಹೇಳುವಾಗ ನನ್ನ ಧ್ವನಿ ತುಸು ಕುಗ್ಗಿತ್ತು. ಮೂರನೆಯ ತರಗತಿಯಲ್ಲಿ ‘ಆನು ಬರೆದೆ’ ಎಂದಿದ್ದಕ್ಕೆ ನನ್ನ ಅಂಗೈಗೆ ಬೆತ್ತ ಬಿದ್ದಿತ್ತು. ಶಾಲೆಯ ಮೆಟ್ಟಿಲಿನ ಕೆಳಗೇ ಆನು ಬಿಟ್ಟು ಹೋಗಿ, ಸಂಜೆ ತಿರುಗಿ ಎತ್ತಿಕೊಂಡು ಬರುವುದು ಆಮೇಲೆ ರೂಢಿಯಾಯಿತು. ಧಾರವಾಡದಲ್ಲಂತೂ ಊರಿಗೆ ಫೋನ್ ಮಾಡುವಾಗ ಎಸ್.ಟಿ.ಡಿ. ಬೂತಿನ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಅದೇ ಊರಿನಲ್ಲಿ, ಅದೇ ದಿನ ಬೆಳಿಗ್ಗೆ, ಹಳಗನ್ನಡ ವ್ಯಾಕರಣದ ತರಗತಿಯಲ್ಲಿ ಆನ್ ಎಂಬ ಉತ್ತಮ ಪುರುಷ ಏಕವಚನವನ್ನು ಗಟ್ಟು ಹಾಕಿರುತ್ತಿದ್ದೆ. ಎರಡೂ ಒಂದೇ ಎಂದು ಆಗ ಒಮ್ಮೆಯೂ ಹೊಳೆದಿರಲಿಲ್ಲ. ಎಂಥ ದಡ್ಡಿ!

‘ಅಜ್ಜಿಗೆ ಇನ್ನೊಂದು ಕೇಳಿಸುತ್ತೇನೆ’ ಎಂದು ಗುಳೇದಗುಡ್ಡದವರು ಮುಂದೆ ಬಂದರು. ಅವರ ಊರು ಬಾದಾಮಿಯ ನೆರೆಯಲ್ಲೇ ಇದ್ದರೂ ಆ ಬಂಡೆಯನ್ನು ಅವರು ಹುಡುಕಿ ನೋಡಿರಲಿಲ್ಲ. ಆದರೆ ಅವರವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳು ಅವರ ಕಿವಿಯಲ್ಲಿ ಇದ್ದವು. ಅವೂ ತ್ರಿಪದಿಗಳೇ. ಅವ್ವನ ಧಾಟಿಗೆ ಸಾಧುಗೆ ಸಾಧು ಹೊಂದೀತೇ ನೋಡೋಣ ಎಂದು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಕೂರಿಸಿದರು. ಎರಡನೆಯ ಸಾಲನ್ನು ತಿರುಗಿ ಎಳೆಯುವಲ್ಲಿ ಬೀಸುಕಲ್ಲಿನ ಗೂಟ ಒಂದು ಸುತ್ತು ಬಂದಂತೆಯೇ ಕೇಳಿಸಿತು. ಬಂಡೆಗೆ ಕೆತ್ತಿದ್ದನ್ನು ಅಲ್ಲಿಯವರೆಗೆ ನಾವೆಲ್ಲ ಗದ್ಯದಂತೆ ಓದುತ್ತಿದ್ದೆವು. ಮಾತೇ ಆಡದ ಆ ಏಳನೆಯವರು ಮೊದಲ ಸಲ ಬಾಯಿ ತೆರೆದು, ‘ಇನ್ನೊಮ್ಮೆ’ ಎಂದರು.

ಇನ್ನೊಮ್ಮೆ ಹಾಡುವಾಗ ನಮ್ಮಲ್ಲಿ ಕರೆಂಟು ಹೋಯಿತು. ಚಿಮಣಿ ಹಚ್ಚಿ ರಾಶಿ ಮುಗಿಸುವಾಗ ಹನ್ನೊಂದೂವರೆ.

ಆ ವಾರವೇ ನಿಯೋಜಿತ ಬರಹ ಕಳಿಸಬೇಕಿತ್ತು. ಕೈಬರಹದಲ್ಲೇ ಇರಬೇಕೆಂಬ ನಿಯಮ. ಕಾಗದದ ಅಂಚಿಗೆ ಅಡಿಕೆಯ ಕಲೆ ಹತ್ತದಂತೆ ಎರಡು ರಾತ್ರಿ ಕೂತು ಬರೆದೆ. ಶಾಸನದ ಭಾಷೆ ಎಲ್ಲೆಲ್ಲಿ ಇನ್ನೂ ಬದುಕಿದೆ ಎಂದು ಒಂದು ಪುಟ ಹೆಚ್ಚಿಗೆ ಸೇರಿಸಿದೆ. ಮಂಡ್ಯದ ಗೇಮೆ, ನಮ್ಮ ಜಗುಲಿಯ ಆನು, ಗುಳೇದಗುಡ್ಡದ ಬೀಸುಕಲ್ಲು ಎಲ್ಲವೂ ಅದರಲ್ಲಿದ್ದವು.

ಫೆಬ್ರುವರಿಯಲ್ಲಿ ಅಂಕ ಬಂತು. 30ಕ್ಕೆ 19. ಆ ಒಂದು ಪುಟದ ಮೇಲೆ ಅಡ್ಡ ಗೆರೆ, ಪಕ್ಕದಲ್ಲಿ ಕೆಂಪು ಶಾಯಿಯ ಟಿಪ್ಪಣಿ: ‘ಗ್ರಾಮ್ಯ ಪದಗಳು ಅನಗತ್ಯ.’

ಭಾನುವಾರ ಅದನ್ನು ಎಲ್ಲರಿಗೂ ತೋರಿಸಿದೆ. ಕಂಡಕ್ಟರ್ ಅಣ್ಣ ತಮ್ಮ ಹಾಳೆಯನ್ನೂ ಕ್ಯಾಮೆರಾಕ್ಕೆ ಹಿಡಿದರು. ಅವರಿಗೆ 18. ಅವರು ಗೇಮೆಯ ಬಗ್ಗೆ ಎರಡು ಪುಟ ಬರೆದಿದ್ದರು.