ಅಜ್ಜನ ಜೋಡುನಳಿಗೆ ಬಂದೂಕು ಮತ್ತೆ ನಾದ ಬಿಟ್ಟಿತು

ಹಳೆಯ ಇಂಗ್ಲಿಷ್ ಜೋಡುನಳಿಗೆ ಬಂದೂಕಿನ ನಳಿಗೆಗಳನ್ನು ಬಿಡಿಸಿ, ಬುಡದಲ್ಲಿರುವ ಕೊಕ್ಕೆಗೆ ಬೆರಳು ಸಿಕ್ಕಿಸಿ ತೂಗುಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ, ಬೆಸುಗೆ ಗಟ್ಟಿಯಾಗಿರುವ ಜೋಡಿ ಗುಡಿಯ ಗಂಟೆಯಂತೆ ಬಹಳ ಹೊತ್ತು ನಾದ ಬಿಡುತ್ತದೆ. ಎರಡು ವರ್ಷದ ಹಿಂದೆ ನಮ್ಮ ಅಜ್ಜನ ಬಂದೂಕನ್ನು ಹೀಗೆ ತಟ್ಟಿದಾಗ ಬಂದದ್ದು ಬಿರುಕು ಬಿಟ್ಟ ಮಡಕೆಯ ಸದ್ದು. ಆ ಸದ್ದಿನಿಂದಲೇ ಈ ದುರಸ್ತಿ ಆರಂಭವಾಯಿತು.

ಸಿರುಗುಪ್ಪದ ಹತ್ತಿರದ ನಮ್ಮ ಊರಿನಲ್ಲಿ ಭತ್ತದ ಗದ್ದೆಗೆ ನುಗ್ಗುವ ಹಂದಿಗಳ ಕಾಟಕ್ಕಾಗಿ ಅಜ್ಜ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿದ್ದರು. ಬಳ್ಳಾರಿಯ ದಂಡಿನ ಪ್ರದೇಶದಿಂದ ಊರು ಬಿಟ್ಟು ಹೋಗುತ್ತಿದ್ದ ದೊರೆಯೊಬ್ಬರ ಸಾಮಾನುಗಳ ಹರಾಜಿನಲ್ಲಿ ಈ ಬಂದೂಕು ಮನೆಗೆ ಬಂದಿತೆಂದು ನಮ್ಮ ಹಿರಿಯರು ಹೇಳುತ್ತಾರೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’ ಎಂದು ಕೊರೆದಿದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತಾದ್ದರಿಂದ ಮೌಂಟ್ ರೋಡಿನ ಆ ಗಡಿಯಾರದ ಮಳಿಗೆಯ ಹೆಸರು ಇಲ್ಲಿ ಕಾಣುವುದು ಸಹಜವೇ. ಆದರೆ ಮಳಿಗೆಯ ಹೆಸರನ್ನು ತಯಾರಕರ ಹೆಸರೆಂದು ತಿಳಿದು ಮೋಸ ಹೋದವರು ಬಹಳ ಮಂದಿ. ಅಂದಿನ ಬಂದೂಕುಗಳಲ್ಲಿ ಎಷ್ಟೋ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗಳಲ್ಲಿ ತಯಾರಾಗಿ, ಮಾರಿದವರ ಹೆಸರನ್ನು ಹೊತ್ತು ಬರುತ್ತಿದ್ದವು.

ನಿಜವಾದ ಜಾತಕವಿರುವುದು ನಳಿಗೆಗಳ ಕೆಳಭಾಗದ ಸಮತಟ್ಟಿನಲ್ಲಿ. ನಮ್ಮದರಲ್ಲಿ ಕಿರೀಟದ ಕೆಳಗೆ ಅಡ್ಡಡ್ಡವಾಗಿರುವ ಎರಡು ರಾಜದಂಡಗಳ ಮುದ್ರೆಯಿದೆ. ಇದು 1813ರ ಕಾಯಿದೆಯಿಂದ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನದು. ಮಾಮೂಲಿಗಿಂತ ಹೆಚ್ಚಿನ ಮದ್ದು ತುಂಬಿ ಸಿಡಿಸಿ, ನಳಿಗೆ ತಾಳಿಕೊಂಡರೆ ಮಾತ್ರ ಅವರು ಮುದ್ರೆ ಒತ್ತುತ್ತಿದ್ದರು. ಎಡ ನಳಿಗೆಯ ಕೆಳಗೆ ಸಣ್ಣಕ್ಷರದಲ್ಲಿ ‘ನಾಟ್ ಫಾರ್ ಬಾಲ್’ ಎಂದೂ ಇದೆ. ಬಾಯಿ ಕಿರಿದಾದ, ಅಂದರೆ ಚೋಕ್ ಇರುವ ನಳಿಗೆಯಲ್ಲಿ ಗುಂಡು ಹಾಕದೆ ಚರೆಯನ್ನಷ್ಟೇ ಹಾಕಬೇಕೆಂಬ ಎಚ್ಚರಿಕೆಯಿದು. ಈ ಮಾತನ್ನು 1875ರಿಂದ 1887ರವರೆಗೆ ಮಾತ್ರ ಒತ್ತುತ್ತಿದ್ದರು. ಮನೆಯಲ್ಲಿ ಯಾರಿಗೂ ಗೊತ್ತಿರದಿದ್ದ ಬಂದೂಕಿನ ವಯಸ್ಸು ಮೂರು ಪದಗಳಿಂದ ತಿಳಿಯಿತು.

ಮಡಕೆಯ ಸದ್ದಿಗೆ ಕಾರಣ ಹಿಂದಿನ ಒಂದು ‘ರಿಪೇರಿ’. ಅಪ್ಪ ಬಂದೂಕನ್ನು ಹೊಳಪು ಮಾಡಿಸಲು ದೂರದ ಊರಿನ ಒಂದು ಅಂಗಡಿಗೆ ಕೊಟ್ಟಿದ್ದರು. ಅಲ್ಲಿ ಮಷೀನಿನ ಬಫ್‌ಗೆ ಹಿಡಿದು ಉಜ್ಜಿದ್ದರಿಂದ ಕುದುರೆಗಳ, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆಗಳ ಪಕ್ಕದ ಎಲೆಬಳ್ಳಿಯ ಕೆತ್ತನೆ ಅರ್ಧ ಅಳಿಸಿಹೋಯಿತು. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ನಳಿಗೆಗಳನ್ನು ಇಡಿಯಾಗಿ ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿ ಕಪ್ಪು ಬಣ್ಣ ಕೊಟ್ಟದ್ದು. ಇಂದಿನ ಉಕ್ಕಿನ ಬಂದೂಕಿಗೆ ಅದು ಸರಿ. ಆದರೆ ಹಳೆಯ ಜೋಡುನಳಿಗೆಯ ಪಟ್ಟಿಗಳು ತವರ ಮತ್ತು ಸೀಸದ ಬೆಸುಗೆಯಿಂದ ಅಂಟಿರುತ್ತವೆ, ಆ ಕ್ಷಾರ ಬೆಸುಗೆಯನ್ನೇ ತಿಂದುಹಾಕುತ್ತದೆ. ನಮ್ಮ ಬಂದೂಕಿನ ಪಟ್ಟಿ ಒಂದು ಗೇಣಿನಷ್ಟು ಉದ್ದ ಬಿಟ್ಟುಕೊಂಡಿತ್ತು. ಅದೃಷ್ಟಕ್ಕೆ, ಉಜ್ಜುವವರ ಕೈ ನಳಿಗೆಯ ಕೆಳಭಾಗದ ಮುದ್ರೆಗಳವರೆಗೆ ಹೋಗಿರಲಿಲ್ಲ.

ಬಳ್ಳಾರಿಯಲ್ಲಿ ರಿಪೇರಿ ಲೈಸೆನ್ಸ್ ಇರುವ ಒಬ್ಬ ಹಿರಿಯರ ಬಳಿ ಬಂದೂಕನ್ನು ಒಯ್ದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ಹೊಸಾದು ಮಾಡೋದು ಬ್ಯಾಡ ತಮ್ಮಾ, ಚೊಕ್ಕ ಮಾಡೋಣ” ಎಂದರು. ಮೊದಲು ಅವರು ಹಚ್ಚಿದ್ದು ವಿನೆಗರ್. ಕಪ್ಪು ಬಣ್ಣ ಕರಗುತ್ತಾ ಬಂದ ಹಾಗೆ ಅಡಿಯಿಂದ ಡಮಾಸ್ಕಸ್ ನಳಿಗೆಯ ಸುರುಳಿ ಸುರುಳಿ ಗೆರೆಗಳು ಎದ್ದವು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ತಿರುಚಿ, ಸಲಾಕೆಯ ಸುತ್ತ ಸುತ್ತಿ, ಕೆಂಪಗೆ ಕಾಯಿಸಿ ಬಡಿದು ಬೆಸೆದ ನಳಿಗೆಯದು. ಸಂಡೂರಿನ ಅದಿರಿನ ಧೂಳು ತುಳಿದು ಬೆಳೆದ ನನಗೂ ಕಬ್ಬಿಣದೊಳಗೆ ಇಂಥ ನೇಯ್ಗೆ ಇರಬಹುದೆಂಬ ಕಲ್ಪನೆ ಇರಲಿಲ್ಲ.

ಪಟ್ಟಿಯನ್ನು ಪೂರ್ತಿ ಬಿಡಿಸಿ, ಮತ್ತೆ ತವರದ ಬೆಸುಗೆಯಲ್ಲೇ ಕೂರಿಸಿದ ಮೇಲೆ ಬಣ್ಣದ ಕೆಲಸ. ಹಳೆಯ ಪದ್ಧತಿಯಲ್ಲಿ ಬಣ್ಣವೆಂದರೆ ಹತೋಟಿಯಲ್ಲಿಟ್ಟ ತುಕ್ಕು. ಜಿಡ್ಡು ತೆಗೆದ ನಳಿಗೆಗೆ ದ್ರಾವಣ ಸವರಿ, ತೆಳ್ಳಗೆ ತುಕ್ಕು ಹಿಡಿಯಲು ಬಿಟ್ಟು, ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಅದನ್ನು ನವಿರಾದ ಉಕ್ಕಿನ ಉಣ್ಣೆಯಿಂದ ಉಜ್ಜಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ನಮ್ಮ ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ತುಕ್ಕು ಸಮನಾಗಿ ಹಿಡಿಯದು. ಹಾಗಾಗಿ ಅವರು ಮರದ ಪೆಟ್ಟಿಗೆಯೊಳಗೆ ಒದ್ದೆ ಗೋಣಿಚೀಲ ಹಾಸಿ ನಳಿಗೆಗಳನ್ನು ಇಡುತ್ತಿದ್ದರು. ಬೋರಿನ ಗಡಸು ನೀರು ಕಲೆ ಬಿಡುತ್ತದೆಂದು ಕುದಿಸಲು ಬ್ಯಾಟರಿಗೆ ಹಾಕುವ ನೀರಿನ ಕ್ಯಾನುಗಳನ್ನೇ ತರಿಸಿದ್ದರು. ಹತ್ತನೆಯ ಸುತ್ತಿಗೆ ಗೆರೆಗಳು ಕಂದು ಮತ್ತು ಬೂದು ಬಣ್ಣಗಳಲ್ಲಿ ಬೇರೆಬೇರೆಯಾಗಿ ನಿಂತವು.

ಆಕ್ರೋಟ್ ಮರದ ಹಿಡಿಯ ತೊಂದರೆಗೆ ಕಾರಣ ಬೇರೆ. ಅಜ್ಜ ಬಂದೂಕನ್ನು ಬಾಯಿ ಮೇಲಾಗಿ ಗೋಡೆಗೆ ನಿಲ್ಲಿಸುತ್ತಿದ್ದರು, ಹಚ್ಚಿದ ಎಣ್ಣೆಯೆಲ್ಲ ಕೆಳಗಿಳಿದು ಮರಕ್ಕೆ ಸೇರಿ, ಕಬ್ಬಿಣ ಕೂರುವ ಜಾಗ ಕಪ್ಪಾಗಿ ಮೆತ್ತಗಾಗಿತ್ತು. ಸೀಮೆಸುಣ್ಣದ ಪುಡಿ ಹಚ್ಚಿ, ಕಾಯಿಸಿ, ಎಣ್ಣೆಯನ್ನು ಹೊರಗೆಳೆಯಲು ಮೂರು ವಾರ ಹಿಡಿಯಿತು. ಮರದ ಮೇಲಿನ ತಗ್ಗುಗಳನ್ನು ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆಯ ಶಾಖದಿಂದ ಎತ್ತಿದರು. ಕೊನೆಗೆ ಅಗಸೆ ಎಣ್ಣೆಯಲ್ಲಿ ಗ್ರಂಥಿಗೆ ಅಂಗಡಿಯ ರತನ್‌ಜೋತ್ ಬೇರು ನೆನೆಹಾಕಿ, ಆ ಕೆಂಪೆಣ್ಣೆಯನ್ನು ಅಂಗೈಯಿಂದ ತಿಕ್ಕಿದರು. ಇಂಗ್ಲೆಂಡಿನ ಹಳಬರ ಪಾಕವೂ ಇದೇ ಆಗಿತ್ತು. ಅಳಿಸಿಹೋದ ಕೆತ್ತನೆಯನ್ನು ಮಾತ್ರ ಅವರು ಮುಟ್ಟಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹೊಸದಾಗಿ ಕೊರೆದ ಬಳ್ಳಿ ಚೆನ್ನಾಗಿಯೇ ಕಾಣಬಹುದು, ಆದರೆ ಅದು ಮೊದಲು ಕೊರೆದವನ ಕೈ ಆಗಿರುವುದಿಲ್ಲ.

ಸಂಗ್ರಹಕ್ಕಾಗಿ ಕೊಳ್ಳುವವರು ಹೊಳಪಿಗೆ ಮರುಳಾಗದೆ ನಳಿಗೆಯ ಗೋಡೆಯ ದಪ್ಪವನ್ನು ಅಳೆಸಬೇಕು. ಒಳಗಿನ ತುಕ್ಕಿನ ಗುಂಡಿಗಳನ್ನು ಕೊರೆದು ನುಣುಪು ಮಾಡಿದ ನಳಿಗೆ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಕಾಗದದಂತೆ ತೆಳುವಾಗಿರುತ್ತದೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ಕಡೆ ನಾನಂತೂ ಹಣ ಹಾಕುವುದಿಲ್ಲ. ಕರಿಮದ್ದಿನ ಕಾಲದ ಡಮಾಸ್ಕಸ್ ನಳಿಗೆಯಲ್ಲಿ ಇಂದಿನ ಅಂಗಡಿಯ ತೋಟಾ ಹಾಕುವುದು ಪ್ರಾಣಕ್ಕೇ ಅಪಾಯ. ಹಳೆಯದೆಂದ ಮಾತ್ರಕ್ಕೆ ಕಾನೂನು ಬಿಡುವುದೂ ಇಲ್ಲ. ದುರಸ್ತಿ ಮಾಡಿದರೂ ಸಿಡಿಸಲು ಬಾರದ ಪುರಾತನ ಆಯುಧಕ್ಕಷ್ಟೇ 1959ರ ಆಯುಧ ಕಾಯಿದೆಯಲ್ಲಿ ವಿನಾಯಿತಿ ಇದೆ. ನಮ್ಮದು ಸಿಡಿಯಬಲ್ಲ ಬಂದೂಕು. ಅಪ್ಪನಿಗೆ 70 ತುಂಬಿದ ಮೇಲೆ, ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ನಿಯಮಗಳಲ್ಲಿರುವ ಅವಕಾಶದಂತೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ.

ಕೆಲಸ ಮುಗಿದ ದಿನ ಹಿರಿಯರು ನಳಿಗೆಗಳನ್ನು ನನ್ನ ಕೈಗೆ ಕೊಟ್ಟು ತಟ್ಟಲು ಹೇಳಿದರು. ಪಕ್ಕದ ಅಂಗಡಿಯವರು ತಲೆಯೆತ್ತಿ ನೋಡುವಷ್ಟು ನಾದ ಬಂದಿತು. ಈಗ ಬಂದೂಕು ಬೀಗ ಹಾಕಿದ ಬೀರುವಿನಲ್ಲಿ, ಎಣ್ಣೆ ಮರದ ಕಡೆಗೆ ಇಳಿಯದಂತೆ ಬಾಯಿ ಕೆಳಗಾಗಿ, ಅಜ್ಜನ ಕಂಬಳಿಯ ತುಂಡಿನ ಮೇಲೆ ನಿಂತಿದೆ.