ಸಣ್ಣ ಹಾಡುಗಳದ್ದೇ ತೊಂದರೆ

21 ನವೆಂಬರ್ 2024, ಗುರುವಾರ, ರಾತ್ರಿ 11.40

ಇವತ್ತೂ ಹಾಡು ನಿಂತಿತು. ಮಧ್ಯಾಹ್ನ ಒಂದೂವರೆಗೆ, ಚರಣದ ನಡುವೆ. ಟಿವಿ ಪರದೆ ಕಪ್ಪಾಯಿತು, ಆಮೇಲೆ ಪ್ಲೇಯರ್ ತಾನಾಗಿಯೇ ಮೊದಲಿನಿಂದ ಶುರುವಾಯಿತು. ಅಪ್ಪ ಏನೂ ಹೇಳಲಿಲ್ಲ. ರಿಮೋಟ್ ಪಕ್ಕಕ್ಕಿಟ್ಟು ಸುಮ್ನೆ ಕೂತರು. ಬೈದಿದ್ದರೆ ವಾಸಿ ಇತ್ತು.

ಟಿವಿ ಕೆಳಗಿನ ಪುಟ್ಟ ಕಂಪ್ಯೂಟರಿಗೆ ಇರುವುದು 4 ಜಿಬಿ ರ‍್ಯಾಮ್. ಲಾಗ್‌ನಲ್ಲಿ ಮತ್ತೆ ಅದೇ ಸಾಲು: ಮೆಮೊರಿ ಮುಗಿಯಿತು, ಪ್ಲೇಯರನ್ನು ನಿಲ್ಲಿಸಲಾಯಿತು. ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಮಾಡುವುದೇ ಹಾಗೆ. ಇಡೀ ಮೆಷಿನ್ ಕುಸಿಯುವ ಮೊದಲು ಜಾಸ್ತಿ ತಿಂದವನನ್ನು ಹುಡುಕಿ ಮುಗಿಸುತ್ತದೆ. ಅದರ ತಪ್ಪಿಲ್ಲ.

ನಾಲ್ಕು ದಿನದಿಂದ ನನ್ನ ಅನುಮಾನವೆಲ್ಲ ಆಡಿಯೋ ಬಫರ್ ಮೇಲೆ, ಅಂದರೆ ನುಡಿಸುವ ಮೊದಲು ಹಾಡನ್ನು ತುಂಬಿಟ್ಟುಕೊಳ್ಳುವ ಮೆಮೊರಿ ಜಾಗದ ಮೇಲೆ. ಸಿಡಿ ಗುಣಮಟ್ಟದ ಹಾಡನ್ನು ಬಿಚ್ಚಿದರೆ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಎರಡು ಹಾಡುಗಳ ನಡುವೆ ಗ್ಯಾಪ್ ಬರಬಾರದು ಅಂತ ಪ್ಲೇಯರ್ ಮುಂದಿನದನ್ನೂ ಮೊದಲೇ ಎತ್ತಿಟ್ಟುಕೊಳ್ಳುತ್ತದೆ. ಸೋರಿಕೆ, ಅಂದರೆ ಬಳಸಿದ ಮೆಮೊರಿಯನ್ನು ವಾಪಸ್ ಬಿಡದಿರುವುದು, ಅಲ್ಲೇ ಅಂತ ನನಗೆ ಖಾತ್ರಿಯಾಗಿತ್ತು. ವ್ಯಾಲ್‌ಗ್ರಿಂಡ್ ಅನ್ನುವ, ಸೋರಿಕೆ ಹುಡುಕುವ ಸಾಧನ ಹಾಕಿ ಓಡಿಸಿದೆ. ಅದರ ಕೆಳಗೆ ಪ್ರೋಗ್ರಾಂ 20–30 ಪಟ್ಟು ನಿಧಾನ, ಹಾಡು ತೊದಲತೊಡಗಿತು. ಕೊನೆಗೆ ಬಂದ ವರದಿ: ಖಚಿತವಾಗಿ ಕಳೆದುಹೋದ ಮೆಮೊರಿ, ಸೊನ್ನೆ. ಆ ಸೊನ್ನೆ ನೋಡಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ಸಂಜೆ ಅಪ್ಪನ ಪಕ್ಕ ಕೂತೆ.

“ಸದ್ಯಕ್ಕೆ ದಿನಾ ಮಧ್ಯಾಹ್ನ ಅದೇ ಆಫ್ ಆಗಿ ಆನ್ ಆಗೋ ಹಾಗೆ ಮಾಡಿಬಿಡ್ತೀನಿ ಅಪ್ಪ.”

“ಮಾಡು. ಆದ್ರೆ ಅದು ದಿನಾ ನಿಲ್ಲಲ್ಲ ಕಣೋ.”

“ಅಂದ್ರೆ?”

“ಭಾನುವಾರ ನಿಲ್ಲಲೇ ಇಲ್ವಲ್ಲ. ರಾತ್ರಿವರೆಗೂ ಹಾಡ್ತು. ಉದ್ದದ್ದು ಹಾಕಿದ ದಿನ ಅದಕ್ಕೇನೂ ಆಗಲ್ಲ. ಸಣ್ಣ ಹಾಡುಗಳದ್ದೇ ತೊಂದರೆ.”

“ಯಾವಾಗಿಂದ ಗೊತ್ತು ನಿಮಗೆ?”

“ಒಂದು ವಾರ ಆಯ್ತೇನೋ. ನೀನು ಅದರ ಮುಂದೆ ತಲೆ ಹಿಡ್ಕೊಂಡು ಕೂತಿರ್ತೀಯ, ನಡುವೆ ಯಾಕೆ ಬಾಯಿ ಹಾಕೋದು ಅಂತ ಸುಮ್ನಿದ್ದೆ.”

ಒಂಥರಾ ಆಯಿತು. ದಿನವಿಡೀ ಆ ಪ್ಲೇಯರ್ ಮುಂದೆ ಕೂರುವವರು ಅವರು. ಅವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ಬಫರ್ ಸೋರುತ್ತಿದ್ದರೆ ಲೆಕ್ಕ ನಿಮಿಷಕ್ಕಿಷ್ಟು ಅಂತ ಇರಬೇಕು. ಗಂಟೆಗಟ್ಟಲೆ ಓಡುವ ರೆಕಾರ್ಡಿಂಗ್ ಕೂಡ ಅಷ್ಟೇ ತಿನ್ನಬೇಕು. ಅಪ್ಪ ಹೇಳಿದ್ದು ಹಾಡಿಗಿಷ್ಟು ಅಂತ. ಹಾಡು ಬದಲಾದಾಗ ಇನ್ನೇನು ಬದಲಾಗುತ್ತದೆ? ಪರದೆ ಮೇಲಿನ ಕವರ್ ಚಿತ್ರ.

ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ತೋರಿಸುವ ‘ಟಾಪ್’ ತೆರೆದು ಪ್ಲೇಯರ್ ಸಾಲಿನ ಮೇಲೆ ಕಣ್ಣಿಟ್ಟೆ. “ಮುಂದಿನದ್ದು ಒತ್ತಿ ಅಪ್ಪ.” 212 ಎಂಬಿ ಇದ್ದದ್ದು 246 ಆಯಿತು. “ಇನ್ನೊಂದು.” 281. “ಇನ್ನೊಂದು.” 315. ಅಪ್ಪನಿಗೂ ಹುಮ್ಮಸ್ಸು ಬಂತು, ನಾನು ಹೇಳುವ ಮೊದಲೇ ಒತ್ತುತ್ತಿದ್ದರು.

ಆ ಕವರ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದು ನಾನೇ. 3000ಕ್ಕೆ 3000 ಪಿಕ್ಸೆಲ್. ಡಿಸ್ಕಿನಲ್ಲಿ ಒಂದೊಂದು ಬರೀ 2 ಎಂಬಿ. ಆದರೆ ತೋರಿಸಲು ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್. 90 ಲಕ್ಷ ಪಿಕ್ಸೆಲ್, 3 ಕೋಟಿ 60 ಲಕ್ಷ ಬೈಟ್. 1024ರ ಲೆಕ್ಕದಲ್ಲಿ 34 ಎಂಬಿ ಚಿಲ್ಲರೆ. ಮೂರು ನಿಮಿಷದ ಹಾಡು ಗಂಟೆಗೆ 20. ಒಂಬತ್ತಕ್ಕೆ ಶುರು ಮಾಡಿದರೆ ಸರಿಯಾಗಿ ಒಂದೂವರೆ ಹೊತ್ತಿಗೆ 3 ಜಿಬಿ! ಲೆಕ್ಕ ಕೂಡಿಬಂದಾಗ ಮೈ ಜುಮ್ಮೆಂದಿತು.

ಸೆಟ್ಟಿಂಗಲ್ಲಿ ಚಿತ್ರ ಆಫ್ ಮಾಡಿದೆ. ಹತ್ತು ಹಾಡು ಬದಲಾಯಿಸಿದರೂ ಸಂಖ್ಯೆ ಅಲ್ಲಾಡಲಿಲ್ಲ. ವ್ಯಾಲ್‌ಗ್ರಿಂಡ್ ಸುಳ್ಳು ಹೇಳಿರಲಿಲ್ಲ. ಮೆಮೊರಿ ಕಳೆದುಹೋಗಿರಲೇ ಇಲ್ಲ, ಯಾರೋ ಹಿಡಿದುಕೊಂಡಿದ್ದರು. ಅದೇ ವರದಿಯ ಕೆಳಗೆ ‘ಇನ್ನೂ ಕೈಗೆಟಕುವಂಥದ್ದು’ ಅನ್ನುವ ಸಾಲೊಂದಿತ್ತು. ದೊಡ್ಡ ಅಂಕಿ. ನಾನು ಓದಿರಲಿಲ್ಲ.

“ಚಿತ್ರ ಎಲ್ಲಿ ಹೋಯ್ತೋ?” ಅಂದರು ಅಪ್ಪ.

ಕವರ್‌ಗಳನ್ನು 500 ಪಿಕ್ಸೆಲ್‌ಗೆ ಇಳಿಸಬಹುದು. ಒಂದೊಂದಕ್ಕೆ 1 ಎಂಬಿ ಕೂಡ ಆಗಲ್ಲ, ದಿನವಿಡೀ ಓಡುತ್ತದೆ. ಆದರೆ ಅವುಗಳ ಮೂಲೆಯಲ್ಲಿ ಅಮ್ಮ ನೀಲಿ ಪೆನ್ನಲ್ಲಿ ಬರೆದ ತಾರೀಖುಗಳಿವೆ. ಅಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡಿದ್ದೇ ಅದು ಕಾಣಲಿ ಅಂತ. ಇಳಿಸಿದರೆ ಅಕ್ಷರ ಮಸುಕಾಗುತ್ತದೆ. ಅದನ್ನು ಮಾಡುವುದಿಲ್ಲ.

ಹಾಗಾಗಿ ಈಗ ಕೋಡ್ ತೆರೆದು ಕೂತಿದ್ದೇನೆ. ಹಳೆಯ ಚಿತ್ರ ಕರಗುತ್ತಾ ಹೊಸದು ಮೂಡಬೇಕಲ್ಲ, ಅದಕ್ಕೆ ಹಳೆಯದನ್ನು ಒಂದು ಪಟ್ಟಿಗೆ ಸೇರಿಸಿದ್ದಾರೆ. ಅದನ್ನು ಮೆಮೊರಿಯಿಂದ ಬಿಡುವ ಸಾಲು ಮಾತ್ರ ಎಲ್ಲೂ ಇಲ್ಲ. ಕರಗಿ ಮುಗಿದ ಮೇಲೆ ಬಿಟ್ಟರೆ ಸಾಕು, ಎರಡು ಸಾಲಿನ ಕೆಲಸ. ಆದರೆ ಇನ್ನೂ ಕರಗುತ್ತಿರುವಾಗಲೇ ಅಪ್ಪ ಮುಂದಿನದ್ದನ್ನು ಒತ್ತಿದರೆ, ಆಗ ಪಟ್ಟಿಯಲ್ಲಿ ಎರಡು ಚಿತ್ರ ಇರುತ್ತವೆ, ಅದರಲ್ಲಿ ಮೊದಲನೆಯದು