ಬುಗುರಿ ಕೊನೆಗೂ ಹಾರಿ ಹೋಗದೆ ನಿಂತಿತು

ನಾನು ಮಾಡುತ್ತಿರುವ ಕಂಪ್ಯೂಟರ್ ಆಟದ ಬುಗುರಿ ನಿನ್ನೆ ರಾತ್ರಿ ಸ್ಕ್ರೀನಿನಿಂದ ಹಾರಿ ಹೋಗದೆ ನಿಂತು ತಿರುಗಿತು! ಘರ್ಷಣೆ ತೆಗೆದುಹಾಕಿ, ತಿರುಗಲು ಬಿಟ್ಟು ಊಟಕ್ಕೆ ಹೋದೆ. ವಾಪಸ್ ಬಂದು ನೋಡಿದರೆ ಅದೇ ವಾಲು, ಅದೇ ವೇಗ. ಎನರ್ಜಿ ಗ್ರಾಫ್ ಒಂದಿಷ್ಟು ಅಲುಗಾಡಿ ಮತ್ತೆ ಅದೇ ಮಟ್ಟಕ್ಕೆ ಬರುತ್ತಿತ್ತು. ಖುಷಿಗೆ ನಿದ್ದೆ ಬರಲಿಲ್ಲ. ಅದಕ್ಕೇ ಬೆಳಿಗ್ಗೆನೇ ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಹಗಲು ತುಮಕೂರಿನಲ್ಲಿ ಗಣಿತ ಎಂ.ಎಸ್ಸಿ., ಸಂಜೆ ಆನ್‌ಲೈನ್‌ನಲ್ಲಿ ಗೇಮ್ ಡಿಸೈನ್. ಒಂದೇ ಸಲ ಎರಡು ಕೋರ್ಸ್ ಮಾಡಬಹುದು ಅಂತ ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಇದು ಸಾಧ್ಯವಾಯಿತು. ಡಿಸೈನ್ ಕೋರ್ಸಿನ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ಬುಗುರಿ ಆಟ. ಚಾಟಿ ಸುತ್ತು, ವೃತ್ತದೊಳಗೆ ಬಿಡು, ಎದುರಾಳಿಯ ಬುಗುರಿಯನ್ನು ಆಚೆ ತಳ್ಳು, ಸೋತವನ ಬುಗುರಿಗೆ ಮೊಳೆಯಿಂದ ಕುಕ್ಕಿ ಗುನ್ನ ಹೊಡಿ. ಮಾಡೆಲಿಂಗ್, ಮೆನು, ಸ್ಕೋರ್, ಎಲ್ಲ ಮುಗಿದಿದೆ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಕಾಡಿದ್ದು ಒಂದೇ: ಬುಗುರಿ ತಿರುಗುವುದು.

ಎಷ್ಟೋ ಗೇಮ್ ಎಂಜಿನ್‌ಗಳು (ಆಟ ಕಟ್ಟುವ ಸಾಫ್ಟ್‌ವೇರ್) ಸಮೀಕರಣದ ಗೈರೊಸ್ಕೋಪಿಕ್ ಪದವನ್ನು, ಅಂದರೆ ತಿರುಗುವ ವಸ್ತು ಬೀಳದೆ ತಲೆದೂಗುವಂತೆ ಮಾಡುವ ಅಂಶವನ್ನು, ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಬ್ಬ ಉರುಳಲಿಕ್ಕೆ, ಗೋಡೆ ಬೀಳಲಿಕ್ಕೆ ಅದು ಬೇಕಾಗುವುದೂ ಇಲ್ಲ. ಆದರೆ ಬುಗುರಿಗೆ ಅದೇ ಜೀವ. ಹಾಗಾಗಿ ನಾನು ಬಳಸುವ ಗೊಡೊ ಎಂಜಿನ್‌ನ ಫಿಸಿಕ್ಸ್ ಆಫ್ ಮಾಡಿ, ವಸ್ತು ಹೇಗೆ ತಿರುಗುತ್ತದೆ ಅಂತ ಹೇಳುವ ಆಯ್ಲರ್ ಸಮೀಕರಣಗಳನ್ನು ಕೈಯಾರೆ ಬರೆದೆ. ಬುಗುರಿ ಚೆನ್ನಾಗಿ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆ ದೊಡ್ಡದಾಗಿ ಸುತ್ತಲು ಶುರು. ಆಮೇಲೆ ಮೊಳೆ ಮೇಲೆ, ತಲೆ ಕೆಳಗೆ. ಕೊನೆಗೆ ಸ್ಕ್ರೀನಿನಿಂದಲೇ ಮಾಯ.

ಮೊದಲ ತೊಂದರೆ ಸುಲಭವಾಗಿ ಸಿಕ್ಕಿತು. ನನ್ನ ಮರದ ಬುಗುರಿ ಸೆಕೆಂಡಿಗೆ ಸುಮಾರು 25 ಸುತ್ತು ತಿರುಗುತ್ತದೆ. ಫಿಸಿಕ್ಸ್ ಲೆಕ್ಕ ನಡೆಯುವುದು ಸೆಕೆಂಡಿಗೆ 60 ಸ್ಟೆಪ್. ಅಂದರೆ ಒಂದು ಸ್ಟೆಪ್‌ನಲ್ಲಿ 150 ಡಿಗ್ರಿ! ಕ್ವಾಟರ್ನಿಯನ್‌ಗೆ (ವಸ್ತು ಎಷ್ಟು, ಯಾವ ಕಡೆ ತಿರುಗಿದೆ ಅಂತ ಹೇಳುವ ನಾಲ್ಕು ಸಂಖ್ಯೆಗಳ ಗುಂಪು) ಸಣ್ಣ ಬದಲಾವಣೆ ಕೂಡಿಸಿ, ನಾರ್ಮಲೈಸ್ ಮಾಡುವ, ಅಂದರೆ ಅದರ ಅಳತೆಯನ್ನು ಮತ್ತೆ ಒಂದಕ್ಕೆ ತರುವ ಮಾಮೂಲಿ ವಿಧಾನ ಇಲ್ಲಿ 150ರ ಬದಲು ಬರೀ 105 ಡಿಗ್ರಿ ತಿರುಗಿಸುತ್ತದೆ. ಕೂಡಿಸುವುದನ್ನು ಬಿಟ್ಟು ಸೈನ್, ಕೊಸೈನ್ ಹಾಕಿ ಪೂರ್ತಿ ತಿರುಗಿಸಿದರೆ ಇದು ಸರಿಹೋಗುತ್ತದೆ. ಸರಿಹೋಯಿತು ಕೂಡ. ಬುಗುರಿ ಮಾತ್ರ ಇನ್ನೂ ಹಾರುತ್ತಿತ್ತು.

ಆಗ ಲ್ಯಾಪ್‌ಟಾಪ್ ಮುಚ್ಚಿ ನೋಟ್‌ಬುಕ್ ತೆಗೆದೆ. ಒಂದು ಸ್ಟೆಪ್ ಆದ ಮೇಲಿನ ಎನರ್ಜಿಯನ್ನು ಬಿಡಿಸಿ ಬರೆದರೆ ಮೂರು ಪದ ಬರುತ್ತವೆ. ಮೊದಲನೆಯದು ಹಳೆಯ ಎನರ್ಜಿ. ನಡುವಿನದು ಸೊನ್ನೆ, ಯಾಕೆಂದರೆ ಗೈರೊಸ್ಕೋಪಿಕ್ ಪದ ಒಂದು ಕ್ರಾಸ್ ಪ್ರಾಡಕ್ಟ್, ಅದು ಯಾವಾಗಲೂ ಸ್ಪಿನ್‌ಗೆ ಲಂಬ. ಮೂರನೆಯದು ಒಂದು ವರ್ಗ (ಸ್ಕ್ವೇರ್). ವರ್ಗ ಅಂದಮೇಲೆ ಅದು ಕಮ್ಮಿಯಾಗುವ ಮಾತೇ ಇಲ್ಲ. ಗುರುತ್ವವನ್ನು ತೆಗೆದು ನೋಡಿದರೂ ಅಷ್ಟೇ, ತಲೆ ಆಡುತ್ತಿರುವ ಬುಗುರಿಗೆ ಪ್ರತಿ ಸ್ಟೆಪ್‌ನಲ್ಲೂ ಎನರ್ಜಿ ಪುಕ್ಕಟೆಯಾಗಿ ಸೇರುತ್ತದೆ. ಸ್ಟೆಪ್ ಅರ್ಧ ಮಾಡಿದರೆ ಸೇರುವ ಪಾಲು ಕಾಲು ಭಾಗ, ಆದರೆ ಸ್ಟೆಪ್‌ಗಳು ಎರಡರಷ್ಟು. ಒಟ್ಟಿನಲ್ಲಿ ತೊಂದರೆ ಅರ್ಧ ಆಗುತ್ತದೆ ಅಷ್ಟೇ, ಹೋಗುವುದಿಲ್ಲ. ನ್ಯೂಮರಿಕಲ್ ಅನಾಲಿಸಿಸ್ ಪೇಪರ್‌ನಲ್ಲಿ ಸ್ಟೆಬಿಲಿಟಿ ಅಂತ ಓದಿದ್ದೆಲ್ಲ ಆ ಒಂದು ಸಾಲಿನಲ್ಲಿ ಕಣ್ಣೆದುರು ಕೂತಿತ್ತು. ಪರೀಕ್ಷೆಗೆ ಓದಿದಾಗ ಅದು ಇಷ್ಟು ಹತ್ತಿರ ಬಂದಿರಲಿಲ್ಲ.

ಡ್ಯಾಂಪಿಂಗ್ ಹಾಕಿದರೆ, ಅಂದರೆ ಪ್ರತಿ ಸ್ಟೆಪ್‌ನಲ್ಲೂ ವೇಗವನ್ನು ಒಂಚೂರು ಕುಗ್ಗಿಸಿದರೆ ಆಯ್ತಲ್ಲ ಅಂತ ಕೇಳುವವರಿದ್ದೀರಿ. ಹಾಕಿದೆ. ಹಾರುವುದು ನಿಂತಿತು. ಜೊತೆಗೆ ತಲೆ ತೂಗುವುದೂ ನಿಂತುಹೋಯಿತು. ನಮ್ಮ ಬೀದಿಯ ಹುಡುಗರಿಗೆ ಆಡಲು ಕೊಟ್ಟೆ. ಒಬ್ಬ ಎರಡು ಸಲ ಬಿಟ್ಟು ನೋಡಿ, "ಅಕ್ಕಾ, ಇದು ಬುಗುರಿ ಥರ ಇಲ್ಲ, ಟೇಬಲ್ ಫ್ಯಾನ್ ಥರ ಇದೆ" ಅಂದ. ಇದಕ್ಕಿಂತ ಒಳ್ಳೆಯ ಪ್ಲೇಟೆಸ್ಟ್ ವರದಿ ನನಗೆ ಬೇಕಿಲ್ಲ. ವೇಗ ಇಳಿದಾಗ ಬುಗುರಿ ತಲೆದೂಗಬೇಕು. ಬೀಳುತ್ತದೋ ಇಲ್ಲವೋ ಅಂತ ಉಸಿರು ಬಿಗಿ ಹಿಡಿಯುವ ಆ ಗಳಿಗೆಯೇ ಆಟ. ಡ್ಯಾಂಪಿಂಗ್ ಅದನ್ನೇ ಕೊಲ್ಲುತ್ತದೆ.

ಇಲ್ಲಿ ಅಂಗಡಿಯವರ ಮೇಲಿನ ಸಿಟ್ಟನ್ನೂ ಹೇಳಿಬಿಡುತ್ತೇನೆ. ಕೈ ಬೀಸುವುದನ್ನು ಅಳೆಯಲು ಎಂಪಿಯು-6050 ಸೆನ್ಸರ್ ತರಿಸಿದೆ. ಫೋಟೋದಲ್ಲಿ ಪಿನ್ ಬೆಸುಗೆ ಹಾಕಿತ್ತು. ಬಂದ ಬೋರ್ಡ್‌ನಲ್ಲಿ ಪಿನ್ ಬೇರೆ, ಬೋರ್ಡ್ ಬೇರೆ, ಪಿನ್ ಪಟ್ಟಿಯೂ ಒಂದು ಕಡೆ ಮುರಿದಿತ್ತು. ಫೋನ್ ಮಾಡಿದರೆ "ಎಲ್ಲರಿಗೂ ಹಂಗೇ ಬರೋದು ಮೇಡಂ" ಅನ್ನುವ ಉತ್ತರ. ಇದನ್ನು ಬುಗುರಿಗೇ ಅಂಟಿಸಬಹುದು ಅಂದುಕೊಳ್ಳುವವರಿಗೆ ಒಂದು ಮಾತು: ಅದರ ಗೈರೊ (ತಿರುಗುವ ವೇಗ ಅಳೆಯುವ ಭಾಗ) ಸೆಕೆಂಡಿಗೆ 2000 ಡಿಗ್ರಿವರೆಗೆ ಮಾತ್ರ ಅಳೆಯುತ್ತದೆ, ಅಂದರೆ ಐದೂವರೆ ಸುತ್ತು. ಬುಗುರಿಯ ವೇಗಕ್ಕೆ ಅದು ಸಾಲದು. ಬುಗುರಿಯ ಮೇಲೆ ಸುಣ್ಣದ ಚುಕ್ಕಿ ಇಟ್ಟು, ಫೋನಿನಲ್ಲಿ 240 ಫ್ರೇಮ್ ಸ್ಲೋ ಮೋಷನ್ ತೆಗೆಯಿರಿ. ಚುಕ್ಕಿ ಒಂಬತ್ತು ಹತ್ತು ಫ್ರೇಮಿಗೊಮ್ಮೆ ಮುಂದೆ ಬಂದರೆ 25 ಸುತ್ತು.

ಮರದ ಬುಗುರಿ ಸಿಗುವುದೂ ಈಗ ಕಷ್ಟ. ಎಲ್ಲಿ ಕೇಳಿದರೂ ಪ್ಲಾಸ್ಟಿಕ್. ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆಯಲ್ಲಿ ಕೊನೆಗೆ ಸಿಕ್ಕವು. ಅದರಲ್ಲಿ ಒಂದರ ಮೊಳೆ ನಡುವಿನಿಂದ ಒಂದು ಕೂದಲೆಳೆ ಪಕ್ಕಕ್ಕಿದೆ. ಬಿಟ್ಟರೆ ಗಡಗಡ ಅಂತ ನೆಲ ಕೆರೆಯುತ್ತದೆ. ಅದನ್ನು ಎಸೆದಿಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಈಗ ಪರಿಹಾರ. ತಿರುಗುವ ವಸ್ತುವಿನ ಸಮೀಕರಣ ಪೂರ್ತಿ ಬಿಡಿಸಲು ಬರುವುದು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ, ಒಂದೊಂದಕ್ಕೂ ಒಬ್ಬೊಬ್ಬ ಗಣಿತಜ್ಞರ ಹೆಸರು: ಆಯ್ಲರ್‌ದು, ಲಗ್ರಾಂಜ್‌ದು, ಕೊವಲೆವ್‌ಸ್ಕಾಯ ಅವರದು. ಮೂರನೆಯದಕ್ಕೆ ಆಕೆಗೆ 1888ರಲ್ಲಿ ಪ್ಯಾರಿಸ್‌ನ ಬೋರ್ದ್ಯಾಂ ಬಹುಮಾನ ಬಂತು. ಅಕ್ಷದ ಸುತ್ತಲೂ ಸಮವಾಗಿದ್ದು, ಮೊಳೆ ಒಂದೇ ಜಾಗದಲ್ಲಿ ನಿಂತ ಬುಗುರಿ ಲಗ್ರಾಂಜ್ ಗುಂಪಿಗೆ ಸೇರುತ್ತದೆ. ಕ್ಲಾಸಿಕಲ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಇದರ ಉತ್ತರವನ್ನು ಬೋರ್ಡ್ ತುಂಬ ಬರೆದಿದ್ದರು. ಆಟದಲ್ಲಿ ಅದು ನೇರವಾಗಿ ಕೆಲಸಕ್ಕೆ ಬರುವುದಿಲ್ಲ, ಬುಗುರಿಗಳು ಡಿಕ್ಕಿ ಹೊಡೆದ ತಕ್ಷಣ ಎಲ್ಲ ಬದಲಾಗುತ್ತದೆ. ಆದರೆ ಒಂದು ಸ್ಟೆಪ್ ಅನ್ನು ಎರಡು ಕೆಲಸವಾಗಿ ಒಡೆಯಬಹುದು. ಗುರುತ್ವ ಮಾತ್ರ, ಆಮೇಲೆ ತಿರುಗುವುದು ಮಾತ್ರ. ಎರಡಕ್ಕೂ ಬೇರೆ ಬೇರೆಯಾಗಿ ನಿಖರವಾದ ಉತ್ತರ ಇದೆ!

ಗುರುತ್ವ ಇಲ್ಲದ ಬುಗುರಿ ಮಾಡುವುದು ಎರಡೇ ತಿರುಗು: ಆಂಗುಲರ್ ಮೊಮೆಂಟಮ್ (ತಿರುಗುವಿಕೆಯ ರಭಸ, ಅದಕ್ಕೊಂದು ದಿಕ್ಕೂ ಇದೆ) ಸುತ್ತ ಒಂದು, ತನ್ನ ಅಕ್ಷದ ಸುತ್ತ ಇನ್ನೊಂದು. ಎರಡು ಕ್ವಾಟರ್ನಿಯನ್ ಗುಣಿಸಿದರೆ ಮುಗಿಯಿತು, 150 ಡಿಗ್ರಿ ಆದರೂ ಚಿಂತೆ ಇಲ್ಲ. ಗುರುತ್ವದ ಟಾರ್ಕ್, ಅಂದರೆ ಅದರ ತಿರುಚುವ ಒತ್ತಡ, ಮೊಮೆಂಟಮ್ ಅನ್ನು ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ಅರ್ಧ ತಳ್ಳು, ಪೂರ್ತಿ ತಿರುಗಿಸು, ಮತ್ತೆ ಅರ್ಧ ತಳ್ಳು. ಸ್ಪಿನ್ ಬದಲು ಮೊಮೆಂಟಮ್ ಅನ್ನೇ ಸೇವ್ ಮಾಡಿಟ್ಟುಕೊಳ್ಳಬೇಕು, ಅದು ಮುಖ್ಯ. ಟಾರ್ಕ್ ನೆಲದಿಂದ ನೆಟ್ಟಗೆ ಮೇಲೇಳುವ ಗೆರೆಗೂ ಬುಗುರಿಯ ಅಕ್ಷಕ್ಕೂ ಲಂಬವಾಗಿರುವುದರಿಂದ, ಆ ಎರಡು ದಿಕ್ಕಿನ ಮೊಮೆಂಟಮ್ ಒಂದು ಚೂರೂ ಬದಲಾಗುವುದಿಲ್ಲ. ಎನರ್ಜಿ ಮೇಲೆ ಕೆಳಗೆ ಸಣ್ಣದಾಗಿ ಆಡುತ್ತದೆ, ಒಂದೇ ಕಡೆಗೆ ಸೋರುವುದಿಲ್ಲ. ಇಡೀ ಕೋಡ್ ಒಂದು ಪುಟವೂ ಇಲ್ಲ. ಸೆಕೆಂಡಿಗೆ 240 ಸ್ಟೆಪ್ ಇಟ್ಟಿದ್ದೇನೆ, ನನ್ನ ಹಳೆಯ ಲ್ಯಾಪ್‌ಟಾಪ್ ಕೂಡ ಗೊಣಗುವುದಿಲ್ಲ.

ಇನ್ನು ಡಿಸೈನ್ ಸಲೀಸು. ಬುಗುರಿ ಅಲುಗಾಡದೆ ನೆಟ್ಟಗೆ ನಿಲ್ಲಲು ಒಂದು ಷರತ್ತಿದೆ. ಅಕ್ಷದ ಮೊಮೆಂಟಮ್‌ನ ವರ್ಗವು ತೂಕ, ತುದಿಯಿಂದ ಗುರುತ್ವ ಕೇಂದ್ರದ ಎತ್ತರ, ಅಡ್ಡ ಇನರ್ಷಿಯಾ (ತುದಿಯ ಮೇಲೆ ವಾಲುವುದಕ್ಕೆ ಬುಗುರಿ ಒಡ್ಡುವ ಜಡತ್ವ) ಇವುಗಳ ಗುಣಲಬ್ಧದ ನಾಲ್ಕು ಪಟ್ಟಿಗಿಂತ ಜಾಸ್ತಿ ಇರಬೇಕು. ಇದೇ ನನ್ನ ಲೆವೆಲ್‌ಗಳ ಅಳತೆಗೋಲು. ಉದ್ದ ಮೊಳೆ ಆರಿಸಿಕೊಂಡರೆ ಎತ್ತರವೂ ಇನರ್ಷಿಯಾವೂ ಏರುತ್ತವೆ, ಹೆಚ್ಚು ಜೋರಾಗಿ ಬಿಡಬೇಕು. ಆಟಗಾರನಿಗೆ ಸಮೀಕರಣ ಗೊತ್ತಾಗಬೇಕಿಲ್ಲ, ಕೈಗೆ ಗೊತ್ತಾಗುತ್ತದೆ.

ಕಣ್ಣಿಗೆ ಮಾತ್ರ ಮೋಸ. 60 ಫ್ರೇಮ್ ಸ್ಕ್ರೀನಿನಲ್ಲಿ ಬುಗುರಿ ಸೆಕೆಂಡಿಗೆ 20 ಸುತ್ತು ತಿರುಗಿದರೆ ಒಂದು ಚುಕ್ಕಿ ಮೂರು ಚುಕ್ಕಿಯಾಗಿ ಅಲ್ಲಲ್ಲೇ ನಿಂತ ಹಾಗೆ ಕಾಣುತ್ತದೆ. ಅದಕ್ಕೆ ಚುಕ್ಕಿ ತೆಗೆದು, ಅರಗಿನ ಬಣ್ಣದ ಉಂಗುರಗಳನ್ನೇ ಇಟ್ಟೆ. ವೇಗವನ್ನು ಗುಯ್ ಅನ್ನುವ ಸದ್ದಿನಿಂದ ಹೇಳುತ್ತೇನೆ. ವೇಗ ಇಳಿದಂತೆ ಸದ್ದೂ ಇಳಿಯುತ್ತದೆ.

ನಡುವೆ ಇನ್ನೊಂದು ಆಟ ತಲೆಗೆ ಹೊಕ್ಕಿದೆ: ಚೌಕಾಬಾರ. ನಾಲ್ಕು ಕವಡೆ, ಎಲ್ಲ ಬಾಯಿ ಮೇಲಾಗಿ ಬಿದ್ದರೆ 4, ಎಲ್ಲ ಕವುಚಿದರೆ 8. ಕವಡೆ ಎರಡು ಕಡೆಗೂ ಸಮವಾಗಿ ಬಿದ್ದರೆ ಒಂದು ಎಸೆತದ ಸರಾಸರಿ ಎರಡೂವರೆ. 4ಕ್ಕೂ 8ಕ್ಕೂ ಮತ್ತೊಂದು ಎಸೆತ ಸಿಗುತ್ತದೆ ಅಂತ ಲೆಕ್ಕ ಹಿಡಿದರೆ ಇಪ್ಪತ್ತನ್ನು ಏಳರಿಂದ ಭಾಗಿಸಿದಷ್ಟು, ಸುಮಾರು 2.86. ಆದರೆ ಕವಡೆ ಸಮವಾಗಿ ಬೀಳುತ್ತದಾ? ಸೀಳಿದ ಹುಣಸೆ ಬೀಜ? ನಮ್ಮ ಕಡೆ ಹುಣಸೆ ಬೀಜಕ್ಕೇನು ಬರ. ಅಜ್ಜಿ ಒಂದು ಡಬ್ಬಿ ಸೀಳಿ ಕೊಡುತ್ತೇನೆ ಅಂದಿದ್ದಾರೆ. ಎಸೆದು ಎಸೆದು ಬರೆದಿಟ್ಟುಕೊಳ್ಳಬೇಕು. ಪ್ರಾಬಬಿಲಿಟಿ ಪೇಪರ್ ಮುಂದಿನ ಸೆಮಿಸ್ಟರ್‌ನಲ್ಲಿದೆ, ಜೊತೆಗೇ ಆಗುತ್ತದೆ.

ಈಗ ಆ ಜಾತ್ರೆಯ ಬುಗುರಿ. ಗುನ್ನ ಬಿದ್ದಾಗ ಮರ ಹೋಗುತ್ತದೆ. ಮರ ಹೋದ ಕಡೆ ತೂಕ ಕಮ್ಮಿ, ಸಮರೂಪತೆ ಕೆಡುತ್ತದೆ, ಲಗ್ರಾಂಜ್ ಗುಂಪಿನಿಂದ ಹೊರಗೆ. ಸೋತ ಆಟಗಾರನ ಬುಗುರಿ ಮುಂದಿನ ಸುತ್ತಿನಲ್ಲಿ ನಿಜಕ್ಕೂ ಗಡಗಡ ಅನ್ನಬೇಕು ಅಂತ ನನ್ನ ಆಸೆ. ಎರಡು ತಿರುಗಿನ ಉಪಾಯ ಅಲ್ಲಿ ನಡೆಯುವುದಿಲ್ಲ. ತಿರುಗುವಿಕೆಯನ್ನೇ ಮೂರು ಅಕ್ಷಗಳಿಗೆ ಒಡೆದು, ಒಂದೊಂದನ್ನೇ ನಿಖರವಾಗಿ ತಿರುಗಿಸುವ ದಾರಿ ಇದೆ. ಈ ವಾರ ಅದನ್ನು ಬರೆಯುತ್ತೇನೆ. ಹೋಲಿಸಿ ನೋಡಲು ಪಕ್ಕದಲ್ಲೇ ಓರೆ ಮೊಳೆಯ ಬುಗುರಿ ಇದೆ, ಅದರ ಸ್ಲೋ ಮೋಷನ್ ವಿಡಿಯೋ ಇವತ್ತು ಸಂಜೆ ತೆಗೆಯಬೇಕು. ಮೊಳೆ ತುದಿಯ ಘರ್ಷಣೆಯನ್ನು ಯಾರಾದರೂ ಚೆನ್ನಾಗಿ ಮಾಡಿದ್ದರೆ ಹೇಳಿ. ದುಂಡು ತುದಿ ಜಾರುತ್ತಾ ಬುಗುರಿಯನ್ನು ಎತ್ತಿ ನಿಲ್ಲಿಸುವ ಭಾಗ ನನಗೆ ಅದಾದ ಮೇಲೆ ಬೇಕು.